ಖಾಸಿಂಬಿಯ ಇಂಗ್ಲಿಷ್ ಕೌದಿ

ಬೆಳಗಿನ ಐದೂವರೆ. ತಿರ್ಲಾಪುರದ ಓಣಿಯಲ್ಲಿ ಇನ್ನೂ ಒಲೆ ಹೊತ್ತಿಲ್ಲ. ಖಾಸಿಂಬಿ ಮಾತ್ರ ಕಟ್ಟೆಯ ಮೇಲೆ ಕಂದೀಲು ಇಟ್ಟುಕೊಂಡು, ತೊಡೆಯ ಮೇಲೆ ಹರಡಿದ ಕೌದಿಗೆ ಒಂದು ಬಟ್ಟೆಯ ಬೆಕ್ಕನ್ನು ಹೊಲಿಯುತ್ತಿದ್ದಾರೆ. ಮೊದಲಿದ್ದ ಬೆಕ್ಕನ್ನು ಇಲಿ ತಿಂದಿದೆ. ಒಂಬತ್ತರ ಬಸ್ಸಿಗೆ ಈ ಕೌದಿ ಅಣ್ಣಿಗೇರಿಗೆ ಹೋಗಬೇಕು. ಸುತ್ತಲಿನ ಶಾಲೆಗಳಲ್ಲಿ ಇಂಗ್ಲಿಷ್ ಕಲಿಸುವ ಮಾಸ್ತರರು ಇವತ್ತು ಅಲ್ಲಿ ಸೇರುತ್ತಾರೆ. ಅವರು ಮೆಚ್ಚಿದರೆ ಇಂಥ ಕೌದಿ ಬೇರೆ ಊರಿಗೂ ಬೇಕಾಗುತ್ತದೆ. ಮೆಚ್ಚದಿದ್ದರೆ ಇದೇ ಮೊದಲು, ಇದೇ ಕೊನೆ.

ಖಾಸಿಂಬಿಗೆ ಈಗ ಐವತ್ತೆರಡು. ಹನ್ನೆರಡನೆಯ ವಯಸ್ಸಿಗೆ ಹಿಡಿದ ಸೂಜಿ ಇನ್ನೂ ಕೈ ಬಿಟ್ಟಿಲ್ಲ. ಹಳೆಯ ಸೀರೆ, ಧೋತರ, ಕುಪ್ಪಸದ ತುಂಡುಗಳನ್ನು ಕೂಡಿಸಿ ಒಂದು ಕೌದಿ ಹೊಲಿಯಲು ತಿಂಗಳು ಬೇಕು. ದಿನಕ್ಕೆ ಏಳು ತಾಸು ಕೂತರೆ ಕುತ್ತಿಗೆ ಹಿಡಿಯುತ್ತದೆ, ಕಣ್ಣಲ್ಲಿ ನೀರು ಸುರಿಯುತ್ತದೆ. ಗಂಡ ಖಾಜಾಸಾಬ ತೀರಿ ಏಳು ವರ್ಷವಾಯಿತು. ಈಚೆಗೆ ಪೇಟೆಯಿಂದ ಗಿರಣಿ ಚಾದರ ಬಂದು, ಕೌದಿ ಕೇಳುವ ಮನೆಗಳೂ ಕಡಿಮೆಯಾಗಿವೆ. ಹೋದ ವರ್ಷ ಅವರು ಹೊಲಿದದ್ದು ಬರೀ ನಾಲ್ಕು.

ಶಾಲೆಯ ಕೌದಿ ಹೊಲಿಸಿದವರು ಊರಿನ ಶಂಭುಲಿಂಗಪ್ಪ ಮಾಸ್ತರರು. ಐದನೆಯ ಇಯತ್ತೆಯಲ್ಲಿ ನಲವತ್ತಮೂರು ಮಕ್ಕಳು, ನಾಲ್ವರಿಗೊಂದು ಪುಸ್ತಕ. ಮಕ್ಕಳು ಇಂಗ್ಲಿಷನ್ನು ಮಗ್ಗಿಯ ಹಾಗೆ ಒದರುತ್ತಿದ್ದರು, ಅರ್ಥ ದೇವರಿಗೇ ಗೊತ್ತು. ಪೇಟೆಯಿಂದ ತಂದ ಕಾಗದದ ಚಿತ್ರಗಳು ಮೊದಲ ಮಳೆಗೇ ನೆನೆದು ಮುದ್ದೆಯಾದವು. ಒಂದು ದಿನ ಗೋಡೆಗೆ ಒಣಹಾಕಿದ್ದ ಚಿತ್ತಾರದ ಕೌದಿ ನೋಡಿ ಮಾಸ್ತರರು ಕಟ್ಟೆಯ ಮುಂದೆಯೇ ನಿಂತುಬಿಟ್ಟರು. "ಯವ್ವಾ, ಹಿಂಗ ನಮ್ಮೂರನ್ನ ಹೊಲಿದ ಕೊಡ್ರಿ" ಎಂದು ಕೇಳಿದರು.

ಕೌದಿಯಲ್ಲಿ ಮನೆ, ಒಲೆ, ಬಾವಿ, ಬೇವಿನ ಗಿಡ, ಚಕ್ಕಡಿ ಎಲ್ಲ ಇವೆ. ಬೆಕ್ಕು, ಕೋಳಿ, ಆಡುಗಳನ್ನು ಗುಂಡಿಯಿಂದ ಸಿಕ್ಕಿಸಿ ಬೇಕಾದಲ್ಲಿ ಇಡಬಹುದು. ಮಾಸ್ತರರು "ಪುಟ್ ದ ಕ್ಯಾಟ್ ಅಂಡರ್ ದ ಕಾರ್ಟ್" ಎಂದರೆ ಒಂದು ಮಗು ಎದ್ದು ಹೋಗಿ ಬೆಕ್ಕನ್ನು ಚಕ್ಕಡಿಯ ಕೆಳಗೆ ಇಡಬೇಕು. ತಪ್ಪಿ ಬಾವಿಗೆ ಹಾಕಿದರೆ ಇಡೀ ತರಗತಿ ನಗುತ್ತದೆ, ಮತ್ತೆ ಆ ಮಾತು ಯಾರೂ ಮರೆಯುವುದಿಲ್ಲ. "ನಾ ಸಾಲಿ ಕಟ್ಟಿ ಹತ್ತಿದಾಕಿ ಅಲ್ರಿ. ಆದ್ರ ಕಾರ್ಟ್ ಅಂದ್ರ ಚಕ್ಕಡಿ, ವೆಲ್ ಅಂದ್ರ ಬಾವಿ, ಅಷ್ಟ ಗೊತ್ತೈತಿ" ಎಂದು ಖಾಸಿಂಬಿ ನಗುತ್ತಾರೆ.

ಎಡವಟ್ಟಾದದ್ದು ರೊಟ್ಟಿಯಿಂದ. ಕೌದಿಯ ಕೊನೆಯ ಮೂಲೆ ಮುಚ್ಚುವ ಮೊದಲು ಒಳಗೊಂದು ಚೂರು ರೊಟ್ಟಿ ಇಡುವುದು ಖಾಸಿಂಬಿ ತಾಯಿಯಿಂದ ಕಲಿತ ಪದ್ಧತಿ. "ಬಾಣಂತಿಗಿ ಕೊಡ್ರಿ, ಮದುಮಗಳಿಗಿ ಕೊಡ್ರಿ, ಕೌದಿ ಹೊಟ್ಟಿ ಹಸದಿರಬಾರದ್ರಿ. ಹಸದ್ರ ಮನಿಗಿ ಬರಕತ್ ಆಗೂದಿಲ್ಲ" ಎನ್ನುತ್ತಾರೆ. ಮನೆಯ ಕೌದಿ ದಿನವೂ ಮೈಮೇಲೆ ಇರುತ್ತದೆ, ಇಲಿಗೆ ಸಿಗುವುದಿಲ್ಲ. ಶಾಲೆಯ ಕೌದಿ ದಸರೆಯ ಸೂಟಿಯಲ್ಲಿ ಕಪಾಟಿನೊಳಗೆ ಮಡಚಿ ಬಿದ್ದಿತ್ತು. ಇಲಿ ಮೂಲೆ ಕಡಿದು ರೊಟ್ಟಿ ತಿಂದು, ಹೋಗುವಾಗ ಬೆಕ್ಕಿಗೂ ಬಾಯಿ ಹಾಕಿತು.

ಮಾಸ್ತರರು ಹರಿದ ಕೌದಿ ಹೊತ್ತು ತಂದು, "ಈ ಸಲ ರೊಟ್ಟಿ ಬ್ಯಾಡ್ರಿ ಯವ್ವಾ. ಬೇಕಾದ್ರ ಅರಿವೀದ ಒಂದ ರೊಟ್ಟಿ ಮಾಡಿ ಹಚ್ರಿ" ಎಂದರು.

"ಅರಿವಿ ತಿಂದ್ರ ನಿಮ್ಮ ಹೊಟ್ಟಿ ತುಂಬತೈತೇನ್ರಿ ಮಾಸ್ತರ?"

ಎರಡು ದಿನ ಖಾಸಿಂಬಿ ಕೌದಿ ಮುಟ್ಟಲಿಲ್ಲ. ಅಣ್ಣಿಗೇರಿಯ ಸಭೆ ಹತ್ತಿರ ಬಂತು, ಮಾಸ್ತರರು ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವರ ಹಾಗೆ ಓಣಿಯಲ್ಲಿ ಸುಳಿದಾಡಿದರು. ಮೂರನೆಯ ದಿನ ಖಾಸಿಂಬಿಯೇ ಕರೆದು, ಒಲೆಯ ಚಿತ್ರದ ಬದಿಗೆ ಹಚ್ಚಿದ ಹೊಸ ಕಿಸೆ ತೋರಿಸಿದರು. "ಪಾಠಕ್ಕ ಮೊದಲ ಇದರಾಗ ಒಂದ ಚೂರು ರೊಟ್ಟಿ ಇಡ್ರಿ. ಮುಗದ ಮ್ಯಾಲ ಸರಿ ಹೇಳಿದ ಹುಡುಗರು ತಿನ್ಲಿ. ಕೌದಿನೂ ಉಂಡಂಗಾತು, ಇಲಿಗೂ ಏನೂ ಉಳೀಲಿಲ್ಲ."

ಈಗ ಬೆಕ್ಕು ಮುಗಿದಿದೆ. ಖಾಸಿಂಬಿ ದಾರ ಹಲ್ಲಿನಿಂದ ಕಡಿದು, ಕೌದಿ ಮಡಚಿ, ಬಸ್ಸಿಗೆ ಹೊರಟು ಬಂದ ಮಾಸ್ತರರ ಕೈಗೆ ಕೊಡುತ್ತಾರೆ. ಇಡೀ ದಿನ ಖಾಸಿಂಬಿಯ ಕೈಗೆ ಕೆಲಸ ಹತ್ತುವುದಿಲ್ಲ. ಬಸ್ಸಿನ ಸದ್ದಾದಾಗಲೆಲ್ಲ ಕಟ್ಟೆಗೆ ಬರುತ್ತಾರೆ.

ಸಂಜೆ ಮಾಸ್ತರರು ಬಸ್ಸಿಳಿದು ನೇರ ಇಲ್ಲಿಗೇ ಬರುತ್ತಾರೆ. "ಆರು ಸಾಲಿಯವ್ರು ಕೇಳ್ಯಾರ್ರಿ ಯವ್ವಾ!"

ಆರು ಕೌದಿ ಎಂದರೆ ಅರ್ಧ ವರ್ಷದ ಕೆಲಸ. ಖಾಸಿಂಬಿಯ ಮುಖ ಅರಳುತ್ತದೆ. ಮಾಸ್ತರರು ಉಳಿದದ್ದನ್ನೂ ಹೇಳುತ್ತಾರೆ. "ಮೂರು ಮಂದಿಗೆ ಕಿಸೆ ಬ್ಯಾಡಂತ. ಸಾಲ್ಯಾಗ ರೊಟ್ಟಿ ಯಾಕ, ಅದನ್ನ ತಗದ ಕೊಡ್ರಿ ಅಂದ್ರು."

ಖಾಸಿಂಬಿ ಅರಿವೆಯ ಗಂಟು ಹತ್ತಿರ ಎಳೆದುಕೊಳ್ಳುತ್ತಾರೆ.

"ಹಂಗಾದ್ರ ಮೂರ ಅಷ್ಟ ಹೊಲೀತೀನ್ರಿ."