ಹಾರ ಹೊತ್ತು ತರುವ ಕವಿ

ಸಭೆಯಲ್ಲಿ ಕವಿಗೆ ಹಾರ ಹಾಕುವುದನ್ನು ನೀವು ನೋಡಿರುತ್ತೀರಿ. ಆ ಹಾರವನ್ನು ಅದೇ ಕವಿ ಕೈಚೀಲದಲ್ಲಿಟ್ಟುಕೊಂಡು, ಬಸ್ಸಿನಲ್ಲಿ ಯಾರೂ ಅದರ ಮೇಲೆ ಕೂರದ ಹಾಗೆ ಕಾಪಾಡಿಕೊಂಡು ತಂದದ್ದನ್ನು ನೋಡಿರಲಾರಿರಿ. ನಾನು ಆ ಜಾತಿಯ ಕವಿ. ಎಪ್ಪತ್ತರ ದಶಕದ ಕೊನೆಯ ಮಾತು. ತಿಪಟೂರಿನ ಒಂದು ಸಂಘದವರು ಪ್ರತಿ ರಾಜ್ಯೋತ್ಸವಕ್ಕೂ ನನ್ನನ್ನು ಕವಿಗೋಷ್ಠಿಗೆ ಕರೆಯುತ್ತಿದ್ದರು. ಪೇಟೆಯಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದ ಶಿವಣ್ಣ ಅದರ ಕಾರ್ಯದರ್ಶಿ. ಬಿಳಿಗೆರೆಯ ನಮ್ಮ ಮನೆಗೆ ಸ್ಕೂಟರಿನಲ್ಲಿ ಬಂದು, ಕಾಫಿ ಕುಡಿದು ಹೇಳುತ್ತಿದ್ದರು: “ಮೇಷ್ಟ್ರೇ, ನಿಮ್ದೊಂದು ಕವನ ಇರ್ಲೇಬೇಕು ಕಣ್ರೀ. ಹಂಗೇ ಅಮ್ಮಾರ ಕೈಲಿ ಒಂದಷ್ಟು ಹಾರ ಕಟ್ಟಿಸ್ಕೊಂಡು ಬಂದ್ಬುಡಿ.”

ಕವನ ಮುಖ್ಯ, ಹಾರ ಅದರ ಜೊತೆಗೆ ಬರುವ ಸಾಮಾನು ಎಂದು ನಾನು ತಿಳಿದಿದ್ದೆ. ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುವ ಮನುಷ್ಯ ಇಷ್ಟು ಸಣ್ಣ ಲೆಕ್ಕದಲ್ಲಿ ಎಡವಬಾರದಿತ್ತು.

ನಮ್ಮ ಸೀಮೆಯಲ್ಲಿ ಹೂವಿಗೆ ಅಷ್ಟು ಮರ್ಯಾದೆಯಿಲ್ಲ. ತೆಂಗಿನ ಹೊಂಬಾಳೆ ಒಡೆದರೆ ಜನ ಕತ್ತೆತ್ತಿ ನೋಡುತ್ತಾರೆ, ನಿಜ. ಆದರೆ ಅದು ಸೌಂದರ್ಯವನ್ನು ಸವಿಯುವ ನೋಟವಲ್ಲ, ಎಷ್ಟು ಕಾಯಿ ನಿಂತೀತು ಎಂಬ ಅಂದಾಜು. ಉಳಿದ ಹೂಗಳು ಬಚ್ಚಲ ನೀರು ಹರಿಯುವ ಕಡೆ ಹೇಗೋ ಬದುಕಿಕೊಳ್ಳಬೇಕು. ಅಂಥ ಜಾಗದಲ್ಲೇ ನನ್ನ ಹೆಂಡತಿ ಪಾರ್ವತಿ ಸೇವಂತಿಗೆ, ಕನಕಾಂಬರ, ಮರುಗ ಬೆಳೆಸಿ ಹಿತ್ತಿಲನ್ನು ತುಂಬಿಸಿದ್ದಳು. ಸಂಜೆ ಬಾಳೆನಾರು ನೆನೆಸಿಟ್ಟುಕೊಂಡು ಅವಳು ಹೂ ಕಟ್ಟಲು ಕೂತರೆ, ಎದುರಿಗೆ ಕೂತು ನಾನು ಕವನ ಓದುತ್ತಿದ್ದೆ. ಕವಿಗಳಿಗೆ ಎದ್ದು ಹೋಗದ ಶ್ರೋತೃಗಳು ಸಿಗುವುದು ಕಷ್ಟ. ಮಡಿಲ ತುಂಬ ಹೂ ಸುರಿದುಕೊಂಡವಳು ಎಲ್ಲಿಗೆ ಎದ್ದು ಹೋದಾಳು?

ಒಮ್ಮೆ ಅವಳಿಗೆ ಪಾಂಡಿತ್ಯವನ್ನೂ ತೋರಿಸಿದೆ. ಹೆಣ್ಣಿನ ಪಾದ ತಾಗಿದರೆ ಅಶೋಕ ಹೂ ಬಿಡುತ್ತದೆ, ಅವಳು ಮದ್ಯ ಮುಕ್ಕಳಿಸಿ ಉಗಿದರೆ ಬಕುಳ ಅರಳುತ್ತದೆ ಎಂದು ನಮ್ಮ ಹಳೆಯ ಕವಿಗಳು ನಂಬಿಕೊಂಡು ಬಂದದ್ದನ್ನು ವಿವರಿಸಿದೆ. ಪಾರ್ವತಿ ನಾರು ಬಿಗಿಯುತ್ತಾ, “ಅದ್ಯಾವ ಮನೆ ಹೆಂಗಸ್ರು ಕಣ್ರೀ ಅವ್ರು? ನಮ್ಮ ಸೇವಂತಿಗೆಗೆ ಎರಡು ಮಂಕರಿ ಸಗಣಿ ಗೊಬ್ಬರ ಸಾಕು” ಎಂದಳು. ಕಾವ್ಯಪರಂಪರೆ ಅಲ್ಲಿಗೆ ಮುಗಿಯಿತು.

ಒಂದು ವರ್ಷ ರಾಜ್ಯೋತ್ಸವ ಇನ್ನೇನು ಬಂತು ಎನ್ನುವಾಗ ನಮ್ಮ ಹಸು ಹಗ್ಗ ಕಿತ್ತುಕೊಂಡು ಹಿತ್ತಿಲಿಗೆ ನುಗ್ಗಿತು. ಬೆಳಗಾಗುವಷ್ಟರಲ್ಲಿ ಮರುಗವೊಂದನ್ನು ಬಿಟ್ಟು ಮಿಕ್ಕದ್ದೆಲ್ಲ ಅದರ ಹೊಟ್ಟೆ ಸೇರಿತ್ತು. ಪಾರ್ವತಿ ಮೋಟು ಗಿಡಗಳ ಮುಂದೆ ಕುಕ್ಕರುಗಾಲಲ್ಲಿ ಕೂತು ಅತ್ತಳು. ನಾನು ಒಳಗೆ ಹೋಗಿ ಸಮಾಧಾನದ ಕವನವೊಂದನ್ನು ಬರೆದು ತಂದು ಓದಿದೆ. ಅವಳು ಮೂಗೊರೆಸಿಕೊಂಡು, “ಹಸುನ ಗಟ್ಟಿ ಹಗ್ಗದಲ್ಲಿ ಕಟ್ಟಿದ್ರಾ?” ಎಂದಳು.

ಅವಳ ದುಃಖ ನೋಡಿ ನನಗೂ ಸಂಕಟವಾಯಿತು. ಆದರೆ ಒಳಗೊಳಗೇ ಒಂದು ಖುಷಿಯೂ ಇತ್ತು. ಇಷ್ಟು ವರ್ಷದಲ್ಲಿ ಮೊದಲ ಸಲ ನಾನು ಬರೀ ಕವಿಯಾಗಿ ತಿಪಟೂರಿಗೆ ಹೋಗುವವನಿದ್ದೆ. ನನ್ನ ಕವನ ಯಾರಿಗಾದರೂ ಬೇಕೋ ಬೇಡವೋ ಎಂಬುದು ಇತ್ಯರ್ಥವಾಗಲಿ ಎಂದು ಶಿವಣ್ಣನವರಿಗೆ ಹಸುವಿನ ಸುದ್ದಿ ತಿಳಿಸಲೇ ಇಲ್ಲ.

ಇತ್ಯರ್ಥವಾಯಿತು. ಶಿವಣ್ಣ ನನ್ನ ಮುಖ ನೋಡುವ ಮೊದಲು ಚೀಲ ನೋಡಿದರು. “ಹೂವೆಲ್ಲಿ ಮೇಷ್ಟ್ರೇ?”

“ಹಸು ತಿಂದುಬಿಡ್ತು. ಕವನ ತಂದಿದ್ದೀನಿ.”

“ಅಯ್ಯೋ, ಮೊದ್ಲೇ ಒಂದು ಮಾತು ಹೇಳ್ಬಾರ್ದಾ?” ಎಂದವರೇ ಸ್ಕೂಟರ್ ಹತ್ತಿ ಹಾರ ಹುಡುಕಲು ಹೊರಟರು. ಅವರು ಬರುವವರೆಗೆ ಅಧ್ಯಕ್ಷರು ಬರೀ ಕೊರಳಲ್ಲಿ ಕಾದರು. ಸಭೆ ತಡವಾಗಿ ಶುರುವಾಯಿತು. ಅಧ್ಯಕ್ಷರಿಗೆ ರೈಲಿನ ಹೊತ್ತಾಗುತ್ತಿತ್ತು. ಕವಿಗಳನ್ನು ಕಡಿಮೆ ಮಾಡಬೇಕಾಯಿತು. ಹೂ ತರದ ಕವಿಗಿಂತ ಸುಲಭವಾಗಿ ಕಡಿಮೆಯಾಗುವವರು ಇನ್ಯಾರು? ವಂದನಾರ್ಪಣೆಯಲ್ಲಿ ಮಾತ್ರ ನನ್ನ ಹೆಸರು ಬಂತು, ಅದೂ ಕಾಫಿ ವ್ಯವಸ್ಥೆ ಮಾಡಿದವರ ಹೆಸರಾದ ಮೇಲೆ.

ಮನೆಗೆ ಬಂದು ಎಲ್ಲವನ್ನೂ ಹೇಳಿದೆ. ಪಾರ್ವತಿ ನಗಲಿಲ್ಲ. ನಕ್ಕಿದ್ದರೇ ವಾಸಿಯಿತ್ತು. ಇನ್ನು ಮೇಲೆ ಬರೆಯುವುದೂ ಇಲ್ಲ, ಓದುವುದೂ ಇಲ್ಲ ಎಂದು ಘೋಷಿಸಿದೆ. “ಆಯ್ತು ಬುಡಿ, ಸಾರು ಆರೋಗ್ತದೆ” ಎಂದಳು. ಕನ್ನಡ ಸಾಹಿತ್ಯಕ್ಕೆ ನಾನು ಒಡ್ಡಿದ ಆ ಬೆದರಿಕೆ ಅಡುಗೆಮನೆಯ ಬಾಗಿಲನ್ನೂ ದಾಟಲಿಲ್ಲ.

ಆದರೂ ಮಾತಿಗೆ ಬದ್ಧನಾಗಿ ಸುಮ್ಮನಿದ್ದೆ. ಸಂಜೆಗಳು ಇಷ್ಟೊಂದು ಉದ್ದ ಇರುತ್ತವೆಂದು ನನಗೆ ಗೊತ್ತೇ ಇರಲಿಲ್ಲ. ಪಾರ್ವತಿ ಮಾತ್ರ ಸೆರಗು ಸಿಕ್ಕಿಸಿಕೊಂಡು, ನೆಂಟರ ಮನೆಯಿಂದ ಸಸಿ ತಂದು ನೆಟ್ಟಳು. ಬೇಸಿಗೆ ಹೊತ್ತಿಗೆ ಕನಕಾಂಬರ ಮತ್ತೆ ಬಿಟ್ಟಿತು. ಮೊದಲ ಸಲ ಹೂ ಬಿಡಿಸಿದ ಸಂಜೆ ಅವಳು ಅದನ್ನು ಮಡಿಲಿಗೆ ಸುರಿದುಕೊಂಡು ಕೂತಳು. ನಾನು ಪೇಪರಿನಲ್ಲಿ ಕೊಬ್ಬರಿ ಧಾರಣೆ ನೋಡುತ್ತಿದ್ದೆ. ಸ್ವಲ್ಪ ಕಟ್ಟಿದಳು, ಬಿಚ್ಚಿದಳು, ಮತ್ತೆ ಕಟ್ಟಿದಳು.

“ಏನ್ರೀ, ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ದೀರಲ್ಲ, ಏನಾದ್ರೂ ಓದಬಾರ್ದಾ?”

“ನೀನು ಕೇಳ್ತೀಯಾ?”

“ನಾನೆಲ್ಲಿ ಕೇಳ್ತೀನಿ? ಇಷ್ಟು ವರ್ಷ ಕೇಳ್ತಿದ್ದೆ ಅಂದ್ಕೊಂಡಿದ್ರಾ?” ಎಂದಳು, ಅಷ್ಟೇ ನೇರವಾಗಿ. “ನಿಮ್ಮ ದನಿ ಇಲ್ದಿದ್ರೆ ಕೈಯೇ ಓಡಲ್ಲ ಕಣ್ರೀ. ಮನೆಯೆಲ್ಲ ಬಿಕೋ ಅಂತದೆ.”

ಯಾವ ವಿಮರ್ಶಕನಿಂದಲೂ ನನಗೆ ಇಂಥ ಮಾತು ಬಂದಿಲ್ಲ. ಬಂದಿದ್ದರೆ ಸಿಟ್ಟು ಮಾಡಿಕೊಳ್ಳುತ್ತಿದ್ದೆ. ಆವತ್ತು ಮಾತ್ರ ಪೇಪರು ಮಡಿಸಿಟ್ಟು, ಒಳಗಿನಿಂದ ಕವನದ ಹಾಳೆಗಳನ್ನು ಹುಡುಕಿ ತಂದೆ. ಆಮೇಲೆ ಕತ್ತಲಾಗುವವರೆಗೂ ಓದಿದೆ. ಅವಳು ನಿಜಕ್ಕೂ ಕೇಳುತ್ತಿರಲಿಲ್ಲ. ಪರೀಕ್ಷೆ ಮಾಡಲೆಂದು ಒಂದೇ ಕವನವನ್ನು ಎರಡು ಸಲ ಓದಿದೆ, ಅವಳಿಗೆ ಗೊತ್ತೇ ಆಗಲಿಲ್ಲ. ಹಾಳೆ ತಿರುವಲು ನಾನು ನಿಲ್ಲಿಸಿದಾಗೆಲ್ಲ ಮಾತ್ರ ಅವಳ ಕೈಯೂ ನಿಲ್ಲುತ್ತಿತ್ತು, ಅವಳು ತಲೆಯೆತ್ತಿ ನನ್ನನ್ನು ನೋಡುತ್ತಿದ್ದಳು.