ಬೋರಮಾಳ ಹಾಕಿಕೊಂಡೇ ವಿಯೆಟ್ನಾಂಗೆ

ಚಂಪಕ್ಕನಿಗೆ ಯಾರೂ ‘ಬೇಡ’ ಅನ್ನಬಾರದು. ಅಂದರೆ ಮುಗಿಯಿತು, ಆ ಕೆಲಸ ಆಗಿಯೇ ತೀರುತ್ತದೆ. ವಡೋದರಾದ ಮಕರಪುರದಲ್ಲಿ ಅವರು ಖಾನಾವಳಿ ತೆರೆದದ್ದೇ ಹಾಗೆ. ಅವರ ಯಜಮಾನರು ಹಾಲೇಶಪ್ಪ ಅಲ್ಲಿನ ಒಂದು ಟ್ರಾನ್ಸ್‌ಫಾರ್ಮರ್ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಅವರು ಎದೆನೋವು ಬಂದು ತೀರಿಕೊಂಡಾಗ ದಾವಣಗೆರೆಯಿಂದ ಬಂದ ನೆಂಟರೆಲ್ಲ, “ಈ ಗುಜರಾತ್‌ನಾಗೆ ಒಬ್ಬಾಕಿ ಇರೋದು ಬ್ಯಾಡ, ಊರಿಗೆ ಬಂದ್ಬಿಡು” ಅಂದರು. ನೆಂಟರು ರೈಲು ಹತ್ತುವಷ್ಟರಲ್ಲಿ ಚಂಪಕ್ಕ ದೊಡ್ಡ ಪಾತ್ರೆಗಳನ್ನು ಕೊಂಡು ತಂದಾಗಿತ್ತು.

ನಾನು ನಳಿನಿ. ಬ್ಯಾಂಕಿನಲ್ಲಿ ಕೆಲಸ, ಮೈಸೂರಿನಿಂದ ವರ್ಗವಾಗಿ ಬಂದವಳು. ಇಲ್ಲಿನ ಸಿಹಿ ಬೇಳೆಗೆ ಸೋತು, ಹುಳಿ ಖಾರ ಹುಡುಕುತ್ತಾ ಹೋಗಿ ಚಂಪಕ್ಕನ ಪಂಕ್ತಿಯಲ್ಲಿ ಕೂತೆ. ಅಲ್ಲಿಂದ ಎದ್ದಿಲ್ಲ.

ಅವರನ್ನು ಮೊದಲ ಸಲ ನೋಡಿದವರಿಗೆ ಕಣ್ಣಿಗೆ ಬೀಳುವುದು ಅವರ ಕೊರಳಿನ ಬೋರಮಾಳ. ಒಳಗೆ ಅರಗು ತುಂಬಿದ ಚಿನ್ನದ ಗುಂಡುಗಳ ಸರ, ಅವರ ತಾಯಿ ಕೊಟ್ಟದ್ದು. ಅದರ ನಡುವೆ ಜೋಡಿ ತಾಳಿ. ಹಾಲೇಶಪ್ಪನವರ ಕಾರ್ಯದ ದಿನ ಗಂಡನ ಅಕ್ಕ ತಾಳಿ ತೆಗೆಯಲು ಕೊರಳಿಗೆ ಕೈ ಹಾಕಿದಾಗ ಚಂಪಕ್ಕ ಆ ಕೈ ಹಿಡಿದುಕೊಂಡು, “ಕಟ್ಟಿದೋರು ಹೋದ್ರು. ಬಿಚ್ಚಾಕೆ ನೀವ್ಯಾರು?” ಎಂದು ಕೇಳಿದರಂತೆ. ಮರುದಿನವೇ ಅಕ್ಕಸಾಲಿಗನನ್ನು ಮನೆಗೆ ಕರೆಸಿ, ತಾಳಿಗಳನ್ನು ಬೋರಮಾಳಕ್ಕೆ ಪೋಣಿಸಿಕೊಂಡರು. ಆಮೇಲೆ ಅದು ಕೊರಳಿನಿಂದ ಇಳಿಯಲೇ ಇಲ್ಲ. ಒಮ್ಮೆ ಎಕ್ಸ್‌ರೇ ತೆಗೆಯುವವನು ಸರ ಬಿಚ್ಚಿಡಿ ಅಂದಿದ್ದಕ್ಕೆ ಎಕ್ಸ್‌ರೇಯನ್ನೇ ಬಿಟ್ಟು ಬಂದಿದ್ದರು. ಮೊಂಡ ರಾಜನಿಗಿಂತ ಬಲವಂತ ಅನ್ನುತ್ತಾರಲ್ಲ, ಹಾಗೆ.

ಇಂಥವರಿಗೆ ಕಳೆದ ವರ್ಷ ವಿಯೆಟ್ನಾಂ ನೋಡುವ ಮನಸ್ಸಾಯಿತು. ಊಟಕ್ಕೆ ಬರುವ ಹುಡುಗರು ಹೋಗಿಬಂದು ಫೋಟೋ ತೋರಿಸಿದ್ದೇ ನೆಪ.

“ಒಂದು ವಾರ ಯಾರಾದ್ರೂ ಬಡಿಸ್ಬೇಕು, ನಾನು ಕುಂತು ಉಣ್ಬೇಕು ಮೇಡಂ. ನೀವೂ ಬರ್ರಿ” ಅಂದರು. ನಾನೂ ರಜೆ ಹಾಕಿದೆ.

ಅಲ್ಕಾಪುರಿ ಬಡಾವಣೆಯ ಟ್ರಾವೆಲ್ ಏಜೆಂಟ್ ಕಿಶೋರ್‌ಭಾಯಿ ಅರ್ಜಿ ತುಂಬುತ್ತಾ ತಲೆ ಕೆರೆದುಕೊಂಡ. ಅವನ ಫಾರಂನಲ್ಲಿ ‘ವಿಧವೆ’, ಫೋಟೋದಲ್ಲಿ ಕಾಸಗಲ ಕುಂಕುಮ. ಬೇರೆ ಫೋಟೋ ತೆಗೆಸಿ, ವೀಸಾದವರಿಗೆ ಅನುಮಾನ ಬರುತ್ತದೆ ಅಂದ. ಸೂರತ್‌ನಲ್ಲಿರುವ ಅಳಿಯನಿಂದ ಒಪ್ಪಿಗೆ ಪತ್ರ ತಂದರೆ ಇನ್ನೂ ಒಳ್ಳೆಯದು ಎಂದೂ ಸೇರಿಸಿದ. ಅದನ್ನು ಯಾರು ಕೇಳಿದ್ದಾರೆಂದು ನಾನು ವಿಚಾರಿಸಿದರೆ, ಯಾರೂ ಕೇಳಿಲ್ಲ, ಇದ್ದರೆ ಚೆನ್ನಾಗಿರುತ್ತದೆ ಅಂದ! ನನಗೆ ಮೈ ಉರಿದುಹೋಯಿತು.

ಚಂಪಕ್ಕ ಮಾತ್ರ ಶಾಂತವಾಗಿ ತಮ್ಮ ಗುಜರಾತಿಯಲ್ಲಿ ಹೇಳಿದರು: “ಕಿಶೋರ್‌ಭಾಯಿ, ಪಾಸ್‌ಪೋರ್ಟ್ ನನ್ನದು, ಹಣೆ ನನ್ನದು. ಅಳಿಯನಿಗೆ ಹಬ್ಬಕ್ಕೆ ಹೋಳಿಗೆ ಕೊಡ್ತೀನಿ, ಅಪ್ಪಣೆ ಕೇಳೋದಿಲ್ಲ. ಇದೇ ಫೋಟೋ ಕಳಿಸಿ.”

ಕಳಿಸಿದ. ವೀಸಾ ಬಂತು. ವಿಯೆಟ್ನಾಂನವರಿಗೆ ಅವರ ಹಣೆಯ ಬಗ್ಗೆ ಯಾವ ತಕರಾರೂ ಇರಲಿಲ್ಲ.

ತಕರಾರು ಎದ್ದದ್ದು ಕೊರಳಿನ ಬಗ್ಗೆ. ಹೋಗುವಾಗ ಚಿನ್ನ ಹಾಕಿಕೊಂಡು ಹೋದರೆ ವಾಪಸು ಬರುವಾಗ ಕಸ್ಟಮ್ಸ್‌ನವರು ಹಿಡಿಯಬಹುದು, ಅಲ್ಲೇ ಕೊಂಡದ್ದು ಅನ್ನಬಹುದು, ರಸೀದಿ ಇಲ್ಲದಿದ್ದರೆ ಸುಂಕ ಕಟ್ಟಿಸಬಹುದು, ಇಲ್ಲವೇ ಸರವನ್ನೇ ಇಟ್ಟುಕೊಳ್ಳಬಹುದು ಎಂದು ಕಿಶೋರ್‌ಭಾಯಿ ಹೆದರಿಸಿದ. ತಾಯಿ ಕೊಟ್ಟ ಸರಕ್ಕೆ ರಸೀದಿ ಎಲ್ಲಿಂದ ಬರಬೇಕು? ನಾನೂ ಬ್ಯಾಂಕಿನವಳ ಬುದ್ಧಿ ತೋರಿಸಿ, “ನಮ್ಮ ಲಾಕರ್‌ನಲ್ಲಿಡಿ ಚಂಪಕ್ಕ, ಒಂದು ವಾರ ತಾನೆ” ಅಂದುಬಿಟ್ಟೆ. ಆವತ್ತಿನಿಂದ ನನ್ನ ತಟ್ಟೆಯ ಪಲ್ಯಕ್ಕೆ ಮಾತ್ರ ಖಾರ ಹೆಚ್ಚಾಯಿತು.

ಕೊನೆಗೆ ಕಣ್ಣು ಮೂಗಲ್ಲಿ ನೀರು ಸುರಿಸಿಕೊಂಡು ನಾನೇ ಮತ್ತೆ ಕಿಶೋರ್‌ಭಾಯಿಯ ಹತ್ತಿರ ವಿಚಾರಿಸಲು ಹೋದೆ. ಹೊರಡುವ ಮುಂಚೆ ವಿಮಾನ ನಿಲ್ದಾಣದ ಕಸ್ಟಮ್ಸ್ ಮೇಜಿನಲ್ಲಿ ಒಡವೆ ತೋರಿಸಿದರೆ, ಇದು ಇಲ್ಲಿಂದಲೇ ಹೋದದ್ದು ಎಂದು ಬರೆದುಕೊಡುತ್ತಾರೆ, ಬರುವಾಗ ಅದನ್ನು ತೋರಿಸಿದರಾಯಿತು ಎಂದು ಗೊತ್ತಾಯಿತು. “ಆದರೆ ಅದನ್ನೆಲ್ಲ ಯಾರೂ ಮಾಡಿಸೋದಿಲ್ಲ, ಬೇಡ ಬಿಡಿ” ಅಂದ ಕಿಶೋರ್‌ಭಾಯಿ. ಬೇಡ ಅಂದನಲ್ಲ, ಮುಗಿಯಿತು.

ಹೊರಡುವ ಸಂಜೆ ಅಹಮದಾಬಾದಿನ ನಿಲ್ದಾಣದಲ್ಲಿ ನಮ್ಮ ಪ್ರವಾಸದ ಗುಂಪಿನವರೆಲ್ಲ ಗರಿಗರಿ ರೊಟ್ಟಿ ಖಾಕ್ರಾದ ಪೊಟ್ಟಣಗಳನ್ನು ತಬ್ಬಿಕೊಂಡು ಮುಂದೆ ನಡೆದರು. ನಾವಿಬ್ಬರು ಕಸ್ಟಮ್ಸ್ ಮೇಜಿನ ಮುಂದೆ ನಿಂತೆವು. ಅಲ್ಲಿ ಕೂತಿದ್ದ ಅಧಿಕಾರಿ ಸರದ ಕಡೆ ಒಂದು ಸಲ ಕಣ್ಣು ಹಾಯಿಸಿ, ಹಿಂದಿಯಲ್ಲಿ, “ಇಷ್ಟಕ್ಕೆಲ್ಲ ಯಾರೂ ಕೇಳೋದಿಲ್ಲ ಮಾಸಿ, ಹೋಗಿ” ಅಂದ.

“ಕೇಳೋದಿಲ್ಲ ಅಂತ ಬರೆದುಕೊಡಿ, ಹೋಗ್ತೀನಿ.”

“ಹಾಗೆಲ್ಲ ಬರೆದುಕೊಡೋಕೆ ಬರೋದಿಲ್ಲ.”

“ಹಾಗಾದ್ರೆ ಬರೆದುಕೊಡೋಕೆ ಬರೋದನ್ನೇ ಬರೆದುಕೊಡಿ. ನಾನು ವಾಪಸು ಬಂದಾಗ ಈ ಕುರ್ಚಿಯಲ್ಲಿ ನೀವೇ ಇರ್ತೀರಾ?”

ಅಧಿಕಾರಿಗೆ ಚಂಪಕ್ಕ ಬಾಯಲ್ಲಿಟ್ಟ ಬಿಸಿತುಪ್ಪ ಆದರು, ನುಂಗುವಂತಿಲ್ಲ, ಉಗುಳುವಂತಿಲ್ಲ. ಅಷ್ಟರಲ್ಲಿ ನಮ್ಮ ಗುಂಪಿನ ಮುಖಂಡ ಫೋನ್ ಮೇಲೆ ಫೋನ್ ಮಾಡತೊಡಗಿದ. ವಿಮಾನ ಹತ್ತಿಸಲು ಶುರುವಾಗಿತ್ತು. ನಾನು ಅವರ ಸೆರಗು ಜಗ್ಗಿದೆ.

“ಚಂಪಕ್ಕ, ವಿಮಾನ ತಪ್ಪಿಹೋಗುತ್ತೆ!”

“ತಪ್ಲಿ ಬಿಡ್ರಿ ಮೇಡಂ. ವಿಮಾನ ನಾಳಿಗೂ ಐತೆ. ಇದನ್ನ ಕಿತ್ಕೊಂಡ್ರೆ ಎಲ್ಲಿಂದ ತರ್ಲಿ?”

ಅಧಿಕಾರಿ ನಿಟ್ಟುಸಿರು ಬಿಟ್ಟು ತಕ್ಕಡಿ ತರಿಸಿದ. “ಆಯ್ತು. ಸರ ತೆಗೆದುಕೊಡಿ, ತೂಕ ಮಾಡಬೇಕು.”

ಇದೊಂದು ನಮಗಿಬ್ಬರಿಗೂ ಹೊಳೆದಿರಲಿಲ್ಲ. ತೂಗದೆ ಬರೆದುಕೊಡುವುದು ಹೇಗೆ ಎಂದು ಬ್ಯಾಂಕಿನಲ್ಲಿ ಚಿನ್ನದ ಸಾಲ ನೋಡುವ ನನಗಾದರೂ ಹೊಳೆಯಬೇಡವೆ? ಚಂಪಕ್ಕನ ಕೈ ಕೊರಳಿಗೆ ಹೋಗಿ ಅಲ್ಲೇ ನಿಂತಿತು. ಎಕ್ಸ್‌ರೇ ಬಿಟ್ಟು ಬಂದವರು ವಿಯೆಟ್ನಾಂ ಬಿಡುವುದು ಎಷ್ಟರ ಮಾತು? ಇನ್ನು ಮನೆಗೆ ಹೊರಡೋಣ ಅನ್ನುತ್ತಾರೆ ಎಂದು ನಾನು ಬ್ಯಾಗು ಹೆಗಲಿಗೇರಿಸಿಕೊಂಡೆ.

ಅವರು ತಡಮಾಡುವುದನ್ನು ನೋಡಿ, ಪಾಪ, ಪಕ್ಕದಲ್ಲಿದ್ದ ಮಹಿಳಾ ಸಿಬ್ಬಂದಿ ಕೊಂಡಿ ಬಿಚ್ಚಲು ಕೈ ಚಾಚಿದಳು. ಚಂಪಕ್ಕ ಒಂದು ಹೆಜ್ಜೆ ಹಿಂದೆ ಸರಿದರು. ಆಮೇಲೆ ಎರಡೂ ಕೈ ಎತ್ತಿ, ತಾವೇ ಕೊಂಡಿ ಬಿಚ್ಚಿ, ಸರವನ್ನು ತಕ್ಕಡಿಯಲ್ಲಿಟ್ಟರು. ಕೊರಳ ಸುತ್ತ ಬೆಳ್ಳಗಿನ ಗೆರೆ ಉಳಿದಿತ್ತು. ನನಗೆ ನೋಡಲಾಗಲಿಲ್ಲ, ಅಳು ಬಂದುಬಿಟ್ಟಿತು.

ಅವರು ಅಳಲಿಲ್ಲ. ಅಧಿಕಾರಿ ತೂಕ ಬರೆದುಕೊಳ್ಳುವಾಗ, “ಅದರಲ್ಲಿ ಅರಗೂ ಇದೆ, ಎಲ್ಲಾನೂ ಚಿನ್ನ ಅಂತ ಬರೀಬೇಡಿ” ಎಂದು ತಾಕೀತು ಮಾಡಿದರು. ಅವನು ತಾಳಿ ನೋಡಿ, “ಮಂಗಳಸೂತ್ರ. ಯಜಮಾನರು ಮುಂದೆ ಹೋದರಾ?” ಎಂದು ಕೇಳಿದ.

“ಮುಂದೆನೇ ಹೋದರು. ತೀರಿಕೊಂಡು ವರ್ಷಗಳಾದವು.”

ಅವನ ಪೆನ್ನು ನಿಂತಿತು. ಹಣೆ ನೋಡಿದ, ಸರ ನೋಡಿದ. “ಹಾಗಾದರೆ ಇದನ್ನು ಏನಂತ ಬರೆಯಲಿ ಮಾಸಿ?”

“ನನ್ನ ಸರ ಅಂತ ಬರೀರಿ.”

ಬರೆದ, ಫೋಟೋ ತೆಗೆದ, ಮೊಹರು ಒತ್ತಿದ. ಸರ ಕೈಗೆ ಬಂದ ಕೂಡಲೆ ನಾನು ಹಾಕಿಕೊಡಲು ಮುಂದಾದೆ. ತಾಳಿ ಇರುವ ಸರ, ಗಂಡ ಸತ್ತವರು ತಮ್ಮ ಕೈಯಾರೆ ಹಾಕಿಕೊಳ್ಳುವುದು ಹೇಗೆ ಎಂಬ ಹಳೆಯ ಅಳುಕು ನನ್ನೊಳಗೂ ಎಲ್ಲೋ ಇತ್ತೋ ಏನೋ. ಚಂಪಕ್ಕ ನನ್ನ ಕೈ ಸರಿಸಿದರು. ಆ ಜನಜಂಗುಳಿಯ ನಡುವೆ, ಎಲ್ಲರೂ ನೋಡುತ್ತಿರುವಾಗ, ತಲೆ ಎತ್ತಿಕೊಂಡೇ ಸರ ಹಾಕಿಕೊಂಡರು. ಕೊಂಡಿ ಒಂದು ಸಲ ಜಾರಿತು. ಮತ್ತೆ ಹಿಡಿದು ಸಿಕ್ಕಿಸಿದರು.

ಆಮೇಲೆ ನಾವಿಬ್ಬರು ಓಡಿದ ಓಟವನ್ನು ಆ ದೇವರೇ ನೋಡಬೇಕು. ವಿಮಾನದಲ್ಲಿ ಕೂತು ಬೆಲ್ಟು ಬಿಗಿದುಕೊಂಡ ಮೇಲೂ ಅವರ ಎದೆ ಏರಿಳಿಯುತ್ತಿತ್ತು.

“ಇಷ್ಟು ವರ್ಷ ನಾನು ಹಠಕ್ಕೆ ಬಿಚ್ಚಲ್ಲ ಅಂತ ಎಲ್ರೂ ಅನ್ಕೊಂಡಿದ್ರು ಮೇಡಂ,” ಅಂದರು. “ಹಠ ಅಲ್ರೀ, ಹೆದರಿಕೆ. ಒಂದ್ಸಲ ಬಿಚ್ಚಿದ್ರೆ ಮತ್ತೆ ಹಾಕ್ಕೊಳ್ಳಾಕೆ ಧೈರ್ಯ ಬರ್ತೈತೋ ಇಲ್ಲೋ ಅಂತ.”

ನಾನು ಅವರ ಕೊರಳಿನ ಸರದ ಕಡೆ ನೋಡಿದೆ.

“ಬಂತು ನೋಡ್ರಿ” ಅಂದರು ಚಂಪಕ್ಕ, ಮತ್ತು ಊಟದ ಗಾಡಿ ತಳ್ಳಿಕೊಂಡು ಬರುತ್ತಿದ್ದ ಹುಡುಗಿಯ ಕಡೆ ಕೈ ಎತ್ತಿದರು.