ಕೆಳಗಿನದು ಅತ್ತೆಗೆ, ಮೇಲಿನದು ನನಗೆ

ಈ ದಿನ ಬೆಳಿಗ್ಗೆ ದೋಸೆಗೆ ಅಕ್ಕಿ ನೆನೆಹಾಕಿದೆ. ಕಣದಲ್ಲಿ ಹರಡಿದ್ದ ಕಾಳುಮೆಣಸಿಗೆ ಎರಡು ಸಲ ಕೈಯಾಡಿಸಿದೆ. ಮಜ್ಜಿಗೆ ಕಡೆದೆ, ಕರು ಕಟ್ಟುವ ಹಗ್ಗ ಬದಲಿಸಿದೆ, ಬಚ್ಚಲ ಒಲೆಯ ಬೂದಿ ತೆಗೆದು ಬಸಳೆ ಬುಡಕ್ಕೆ ಹಾಕಿದೆ. ಪಾತ್ರೆ ತೊಳೆದು ಕೈ ಒರೆಸಿಕೊಳ್ಳುತ್ತಿದ್ದಾಗ ಮಗಳು ಬಂದು ಹೊಸ ಹೆಡ್‌ಫೋನೊಂದನ್ನು ನನ್ನ ತಲೆಗೆ ಏರಿಸಿಬಿಟ್ಟಳು. ಚಿಕ್ಕಮಗಳೂರಿನಲ್ಲಿ ಕೊಂಡದ್ದಂತೆ. ಹಿಡಿಸದಿದ್ದರೆ ಸೋಮವಾರದೊಳಗೆ ವಾಪಸ್ ಕೊಡಬಹುದಂತೆ.

“ಬೇಸ್ ಜಾಸ್ತಿ ಇದೆಯಾ, ಟ್ರೆಬಲ್ ಜಾಸ್ತಿ ಇದೆಯಾ, ಕೇಳಿ ಹೇಳಮ್ಮ. ಅಜ್ಜಿ ನಿನಗೆ ಕಲಿಸಿದ್ರಲ್ಲ,” ಎಂದಳು.

ಹಾಡು ಶುರುವಾಗುವ ಮೊದಲೇ ಹೊಸ ರೆಕ್ಸಿನ್ನಿನ ವಾಸನೆ ಮೂಗಿಗೆ ಬಂತು. ಅದು ನನ್ನನ್ನು ನೇರವಾಗಿ ತೊಂಬತ್ತರ ದಶಕದ ಕಳಸದ ಪೇಟೆಗೆ ಕರೆದುಕೊಂಡು ಹೋಯಿತು. ಆಗ ಅಲ್ಲಿ ಒಬ್ಬರು ಮರದ ಪೆಟ್ಟಿಗೆಗೆ ರೆಕ್ಸಿನ್ ಅಂಟಿಸಿ, ಒಳಗೆ ಸ್ಪೀಕರ್ ಕೂರಿಸಿ, ತಾವೇ ಸೆಟ್ ಕಟ್ಟಿಕೊಡುತ್ತಿದ್ದರು. ಮುಂದೆ ಎರಡು ಗುಂಡಿ, ಒಂದು ಬೇಸಿಗೆ, ಒಂದು ಟ್ರೆಬಲ್ಲಿಗೆ. ಸುತ್ತಲಿನ ಯಾರೇ ಸೆಟ್ ಕೊಳ್ಳುವುದಿದ್ದರೂ ಮೊದಲು ನಮ್ಮ ಮನೆಗೆ ಜೀಪು ಕಳಿಸುತ್ತಿದ್ದರು. ನನ್ನ ಅತ್ತೆಯನ್ನು ಕರೆದೊಯ್ಯಲು.

ಅತ್ತೆ ಹಾಡುವವರಲ್ಲ, ಬಾರಿಸುವವರೂ ಅಲ್ಲ. ಕೇಳುವವರು. ಅಂಗಡಿಗೆ ಹೋಗುವಾಗ ಸೆರಗಿನ ಗಂಟಿನಲ್ಲಿ ಒಂದು ಕ್ಯಾಸೆಟ್ ಇರುತ್ತಿತ್ತು, ಅವರ ತಮ್ಮ ಯಾವುದೋ ತಾಳಮದ್ದಳೆಯಲ್ಲಿ ಕೂತು ರೆಕಾರ್ಡ್ ಮಾಡಿ ತಂದದ್ದು. ಎರಡೂ ಗುಂಡಿ ನಡುವಿಗೆ ಇಡಿಸಿ, ಸದ್ದು ತೀರಾ ಸಣ್ಣಗೆ ಮಾಡಿಸಿ, ಪೆಟ್ಟಿಗೆಯ ಮೇಲೆ ಎಡಗೈ ಊರಿ ಕೂರುತ್ತಿದ್ದರು. “ಮದ್ದಳೆ ಎದೆಗೆ ಬರ್ಬೇಕು, ಹೊಟ್ಟೆಗಲ್ಲ. ತಾಳ ಕಿವಿಗೆ ಬರ್ಬೇಕು, ಹಲ್ಲಿಗಲ್ಲ. ಭಾಗವತರು ಇಬ್ಬರ ಮಧ್ಯೆ ಕಾಲು ಚಾಚಿ ಕೂರೋಷ್ಟು ಜಾಗ ಇರ್ಬೇಕು.” ಇಷ್ಟೇ ಅವರ ಶಾಸ್ತ್ರ. ಬೇಸು ಹೆಚ್ಚಿದ ಸೆಟ್ಟಿಗೆ, “ಇದೆಂಥ ಮದ್ದಳೆ ಮಾರಾಯ, ಗೋಡೌನಲ್ಲಿ ಮೂಟೆ ಬಿದ್ದ ಹಾಗಿದೆ. ಭಾಗವತರಿಗೂ ನೆಗಡಿ,” ಎಂದರೆ ಅಂಗಡಿಯವರು ಮರುಮಾತಾಡದೆ ಬೇರೆ ಸೆಟ್ ತೆಗೆಯುತ್ತಿದ್ದರು.

ನಾನು ಮೂಡಿಗೆರೆ ಕಡೆಯಿಂದ ಮದುವೆಯಾಗಿ ಬಂದವಳು. ನಮ್ಮ ಕಡೆ ಸೆಟ್ ಒಳ್ಳೆಯದೋ ಅಲ್ಲವೋ ಎಂಬುದು ಪಕ್ಕದ ತೋಟದವರಿಗೆ ಕೇಳಿಸುತ್ತದೋ ಇಲ್ಲವೋ ಎಂಬುದರ ಮೇಲೆ ನಿಂತಿತ್ತು. ಬಂದ ಹೊಸತರಲ್ಲಿ, ಅತ್ತೆಗೆ ಖುಷಿಯಾಗಲಿ ಎಂದು ಎರಡೂ ಗುಂಡಿಯನ್ನು ಕೊನೆವರೆಗೆ ತಿರುಗಿಸಿ ಸುಪ್ರಭಾತ ಹಾಕಿದ್ದೆ. ಅತ್ತೆ ಹಲ್ಲುಜ್ಜುತ್ತಲೇ ಬಂದು ನಡುವಿಗೆ ತಿರುಗಿಸಿ, “ದೇವರು ಎದ್ದಾಯ್ತು, ಸಾಕು,” ಎಂದು ಹೋದರು.

ಹೀಗಿರುವಾಗ ಸಂಸೆಯ ಸುಬ್ರಾಯರು ಅತ್ತೆ ಆರಿಸಿದ ಸೆಟ್ಟೊಂದನ್ನು ಮನೆಗೆ ಒಯ್ದರು. ಕೆಲವು ದಿನ ಬಿಟ್ಟು ನಮ್ಮ ಜಗಲಿಗೆ ಬಂದು, ಅತ್ತೆ ಒಳಗಿರುವುದನ್ನು ನೋಡಿಕೊಂಡು, ತಮ್ಮ ದಪ್ಪ ಗಂಟಲನ್ನು ಆದಷ್ಟು ತಗ್ಗಿಸಿ ನಮ್ಮ ಯಜಮಾನರಿಗೆ ಹೇಳಿದರು.

“ಅಮ್ಮಂಗೆ ಹೇಳ್ಬೇಡ ಮಾರಾಯ. ಸೆಟ್ ಹಾಕಿದ್ರೆ ನಮ್ಮನೆ ನಾಯಿ ಜಗಲಿ ಹತ್ತಲ್ಲ. ತಾಳ ಅಂತೂ ಸೂಜಿ. ನಮ್ಮನೆಯವಳು ಸ್ಪೀಕರಿಗೆ ಮೈ ಒರೆಸೋ ಬೈರಾಸು ಕಟ್ಟಿಟ್ಟಿದಾಳೆ.”

ನಾವು ನಕ್ಕೆವು, ಆಮೇಲೆ ನಗಲಾಗಲಿಲ್ಲ. ಬರುವ ಭಾನುವಾರ ಭಜನಾ ಮಂಡಳಿಯವರು ಸಭಾಭವನಕ್ಕೆ ಸ್ಪೀಕರ್ ಕೊಳ್ಳಲು ಅತ್ತೆಯನ್ನೇ ಕರೆದಿದ್ದರು. ಸುಬ್ರಾಯರ ಮನೆಯಲ್ಲಾದರೆ ಒಂದು ನಾಯಿಗೆ ತೊಂದರೆ. ಸಭಾಭವನದಲ್ಲಿ ತಪ್ಪಿದರೆ ಊರೆಲ್ಲ ಕೂತು ಕೇಳುತ್ತದೆ, ಅತ್ತೆಯ ಕಿವಿಯ ಮಾತನ್ನು ಮತ್ತೆ ಯಾರೂ ನಂಬುವುದಿಲ್ಲ.

“ನೀನೇ ಹೇಳು ಅಮ್ಮಂಗೆ,” ಎಂದರು ಇವರು.

“ನಿಮ್ಮ ಅಮ್ಮ, ನೀವೇ ಹೇಳಿ,” ಎಂದೆ.

ಇಬ್ಬರೂ ಹೇಳಲಿಲ್ಲ.

ಅದು ಕಾಫಿ ಒಣಗಿಸುವ ಕಾಲ. ಹಣ್ಣನ್ನು ಸಿಪ್ಪೆ ಸಮೇತ ಒಣಗಿಸಿದಾಗ ಒಂದು ಹಿಡಿ ತೆಗೆದು ಕಿವಿಯ ಹತ್ತಿರ ಅಲುಗಿಸಿ ನೋಡುವುದು ನಮ್ಮಲ್ಲಿ ವಾಡಿಕೆ. ಒಳಗಿನ ಬೀಜ ಗಲಗಲ ಎಂದರೆ ಒಣಗಿದೆ ಎಂದರ್ಥ, ಮೂಟೆ ಕಟ್ಟಬಹುದು. ಶನಿವಾರ ಬೆಳಿಗ್ಗೆ ಅತ್ತೆ ಒಂದು ಹಿಡಿ ಎತ್ತಿ ಅಲುಗಿಸಿದರು.

“ಇನ್ನೂ ಹಸಿ. ಎರಡು ಬಿಸಿಲು ಬೇಕು.”

ಕಣದ ಇನ್ನೊಂದು ಬದಿಯಲ್ಲಿ ಕಾಫಿ ಎಳೆದು ಹರಡುವ ಕುಂಟಾಣಿ ಹಿಡಿದು ನಿಂತಿದ್ದ ನನಗೆ ಆ ಗಲಗಲ ಸ್ಪಷ್ಟವಾಗಿ ಕೇಳಿತ್ತು. ಮುಖವೇ ಹೇಳಿಬಿಟ್ಟಿತೆಂದು ಕಾಣುತ್ತದೆ. ಅತ್ತೆ ನನ್ನನ್ನೇ ನೋಡುತ್ತಾ ಮತ್ತೊಮ್ಮೆ ಅಲುಗಿಸಿದರು.

“ನಿನಗೆ ಕೇಳ್ತಾ?”

“ಕೇಳ್ತು ಅತ್ತೆ.”

“ಅಷ್ಟು ದೂರಕ್ಕೆ?”

“ಹೂಂ.”

ಅವರು ಹಿಡಿಯಲ್ಲಿದ್ದುದನ್ನು ಮೆಲ್ಲಗೆ ಕಣಕ್ಕೆ ಬಿಟ್ಟರು.

“ಹಾಗಾದ್ರೆ ಸುಬ್ರಾಯನ ನಾಯಿ ಸುಳ್ಳು ಹೇಳಿಲ್ಲ,” ಎಂದರು.

“ನಿಮಗೆ ಕೇಳಿತ್ತಾ ಅತ್ತೆ?”

“ಅವನ ಗಂಟಲು ಪೂರಾ ಮದ್ದಳೆ. ಗೋಡೆ ದಾಟಿ ಬರ್ತದೆ. ನನಗೆ ಹೋಗಿರೋದು ತಾಳ, ಮಾರಾಯ್ತಿ.” ನನ್ನ ಕೈ ನೋಡಿ, “ನಿನ್ನ ಬಳೆ ಸದ್ದು ಕೇಳದೆ ಎಷ್ಟೋ ದಿನ ಆಯ್ತು. ಬಳೆ ತೆಗೆದಿಟ್ಟಿದಾಳೆ ಅಂದ್ಕೊಂಡಿದ್ದೆ,” ಎಂದರು.

ಬಳೆ ನನ್ನ ಕೈಯಲ್ಲೇ ಇತ್ತು. ಕುಂಟಾಣಿಯಿಂದ ಎಳೆದ ಕಡೆಯಲ್ಲೇ ಮತ್ತೆ ಎಳೆದೆ.

ನಾಳೆ ಅತ್ತೆ ಹೊಟ್ಟೆನೋವೆಂದು ಮಲಗಿಬಿಟ್ಟಾರು ಎಂದುಕೊಂಡೆ. ಭಾನುವಾರ ಜೀಪು ಬಂದಾಗ ಅತ್ತೆ ಸೀರೆ ಬದಲಿಸಿ, ಕ್ಯಾಸೆಟ್ ಗಂಟು ಹಾಕಿಕೊಂಡು ಸಿದ್ಧರಾಗಿದ್ದರು. “ಇವಳೂ ಬರ್ತಾಳೆ,” ಎಂದರು.

ಅಂಗಡಿಯಲ್ಲಿ ಮಂಡಳಿಯ ಗಂಡಸರೆಲ್ಲ ಸುತ್ತ ನಿಂತಿದ್ದರು. ಅತ್ತೆ ಪೆಟ್ಟಿಗೆಯ ಮೇಲೆ ಎಡಗೈ ಊರಿ, ಶುಂಠಿಯ ಧಾರಣೆ ಹೇಳುವಷ್ಟು ಸಲೀಸಾಗಿ ಹೇಳಿದರು: “ನನಗೆ ಮೇಲಿಂದು, ತಾಳದ ಸದ್ದು, ಈಗ ಕೇಳಲ್ಲ. ಕೆಳಗಿಂದು ನಾನು ನೋಡ್ತೀನಿ, ಮೇಲಿಂದು ನಮ್ಮ ಸೊಸೆ. ಇಬ್ಬರೂ ಒಪ್ಪಿದ್ರೆ ತಗೊಳ್ಳಿ.”

ಯಾರೋ ಕೆಮ್ಮಿದರು. ಅಂಗಡಿಯವರು ಇನ್ನೊಂದು ಕುರ್ಚಿ ತಂದು ನನಗೆ ಹಾಕಿದರು.

ನಾನು ಕಣ್ಣು ಮುಚ್ಚಿಕೊಂಡೆ. ಅಂಗಡಿಯವರು ಟ್ರೆಬಲ್ ಗುಂಡಿ ತಿರುಗಿಸುತ್ತಾ ಹೋದರು. ತಾಳ ಹಲ್ಲಿಗೆ ತಾಗಿತು ಅನಿಸಿದ ಕೂಡಲೇ, “ಸಾಕು,” ಎಂದೆ.

“ಅದು ಸಾಕಾದ ಸಾಕಾ, ಹೆದರಿದ ಸಾಕಾ?” ಅತ್ತೆ ಕೇಳಿದರು.

“ಸಾಕಾದದ್ದೇ. ಇನ್ನೊಂಚೂರು ಇಳಿಸಿದ್ರೂ ಆಗ್ತದೆ.”

“ಇಳಿಸಿ,” ಎಂದರು ಅತ್ತೆ. ಇಳಿದದ್ದು ಅವರಿಗೆ ಕೇಳಲಿಲ್ಲ. ನನ್ನ ಮುಖ ನೋಡಿ ತಲೆಯಾಡಿಸಿದರು.

ಬರುವಾಗ ಅತ್ತೆ ಜೀಪನ್ನು ಸಂಸೆಗೆ ತಿರುಗಿಸಲು ಹೇಳಿದರು. ಸುಬ್ರಾಯರ ಸ್ಪೀಕರಿನ ಬೈರಾಸು ತಾವೇ ಬಿಚ್ಚಿ, ನನ್ನ ಕೈಯಿಂದ ಟ್ರೆಬಲ್ ಗುಂಡಿ ಹಿಂದಕ್ಕೆ ತಿರುಗಿಸಿದರು. ನಾಯಿ ಜಗಲಿ ಹತ್ತಿ ಬಂದು ಮಲಗುವವರೆಗೂ ಎದ್ದು ಹೊರಡಲಿಲ್ಲ.

ಆಮೇಲೆ ಅವರು ಇದ್ದಷ್ಟು ಕಾಲವೂ ಜೀಪಿನಲ್ಲಿ ನಾವಿಬ್ಬರೂ ಹೋಗುತ್ತಿದ್ದೆವು. ಅವರದು ಎಡಗೈ, ನನ್ನದು ಕಿವಿ.

ಮಗಳು ಹೆಡ್‌ಫೋನಿನಲ್ಲಿ ಹಾಕಿದ್ದು ಅದೇ ತಾಳಮದ್ದಳೆ. ಕ್ಯಾಸೆಟ್ಟಿನಿಂದ ಮೊಬೈಲಿಗೆ ಇಳಿಸಿಕೊಂಡಿದ್ದಾಳೆ. ಮದ್ದಳೆ ಎದೆಗೆ ಬಂತು. ಭಾಗವತರು ಆರಾಮಾಗಿ ಕೂತಿದ್ದರು. ತಾಳ ಬಿತ್ತು, ಆದರೆ ಅದರ ಹಿಂದೆ ಎಳೆದುಕೊಂಡು ಹೋಗುವ ನಾದದ ಸಣ್ಣ ಎಳೆ ಬರಲಿಲ್ಲ. ಕಾದೆ. ಬರಲಿಲ್ಲ. ಟ್ರೆಬಲ್ ಸಾಲದು, ವಾಪಸ್ ಕೊಡು ಎನ್ನಲು ಬಾಯಿ ತೆರೆದವಳು ಹೆಡ್‌ಫೋನ್ ತೆಗೆದು ಅವಳ ಕಿವಿಗೇ ಇಟ್ಟೆ.

“ತಾಳ ಬಿದ್ದ ಮೇಲೆ ಎಳೆ ಕೇಳ್ತದಾ?”

“ಕೇಳ್ತದಮ್ಮ. ಉದ್ದಕ್ಕೆ ಹೋಗ್ತದೆ.”

“ಹಲ್ಲಿಗೆ ಬರ್ತದಾ?”

“ಇಲ್ಲ.”

“ಹಾಗಾದ್ರೆ ಇಟ್ಕೋ. ಕೆಳಗಿಂದು ಸರಿ ಇದೆ, ನಾನು ನೋಡಿದೆ. ಮೇಲಿಂದಕ್ಕೆ ಇನ್ಮೇಲೆ ನಿನ್ನ ಮಾತೇ.”

ಅವಳು ನನ್ನ ಮುಖ ನೋಡಿದಳು. ನನ್ನ ಬಳೆಗಳನ್ನು ಮೇಲೆ ಕೆಳಗೆ ಸರಿಸಿದಳು.

ರಾತ್ರಿ ಗಂಜಿ, ಹುರುಳಿ ಚಟ್ನಿ, ಕೆಂಡದಲ್ಲಿ ಸುಟ್ಟ ಹಲಸಿನ ಹಪ್ಪಳ ಉಂಡೆವು. ಮೊದಲು ಮಲಗಿದ್ದು ಇವರು, ಎಂದಿನ ಹಾಗೆ. ಒಳಗಿನಿಂದ ಗೊರಕೆ ಶುರುವಾಯಿತು.

“ನಿಮ್ಮಪ್ಪಂದು ಪೂರಾ ಬೇಸು,” ಎಂದೆ.

“ಕೊನೆಗೊಂದು ಸಣ್ಣ ಸಿಳ್ಳೆ ಇದೆಯಲ್ಲಮ್ಮ,” ಎಂದಳು ಮಗಳು.

ಆ ಸಿಳ್ಳೆ ನಿಂತುಹೋಗಿದೆ ಎಂದೇ ನಾನು ಎಷ್ಟೋ ದಿನದಿಂದ ತಿಳಿದಿದ್ದೆ. ಇದೆಯಂತೆ.